ಹತ್ತು ಗುಂಡು, ಒಂದೇ ತೂತು

ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ನಿಂತವರಿಗೆಲ್ಲ ಈ ಅನುಭವ ಆಗಿರುತ್ತದೆ. ಹಳದಿ ಬಲೂನಿಗೆ ಗುರಿಯಿಟ್ಟರೆ ಗುಂಡು ಪಕ್ಕದ ಹಲಗೆಗೆ ಬಡಿಯುತ್ತದೆ. ಹತ್ತರಲ್ಲಿ ಎರಡು ಒಡೆದರೆ ಹೆಚ್ಚು. ಅದೇ ಕೋವಿಯನ್ನು ಅಂಗಡಿಯವರ ಕೈಗೆ ಕೊಟ್ಟರೆ ಅವರು ಮಾತಾಡುತ್ತಲೇ ಸಾಲಾಗಿ ಆರು ಬಲೂನು ಒಡೆಯುತ್ತಾರೆ. ನಾನು ಹುಡುಗನಾಗಿದ್ದಾಗ ಒಬ್ಬರು ಅದರ ಗುಟ್ಟನ್ನು ಹೇಳಿಕೊಟ್ಟಿದ್ದರು: “ಇದು ನಾಲ್ಕು ಬೆರಳು ಎಡಕ್ಕೆ ಹೊಡೆಯುತ್ತದೆ ಮರಿ. ನೀನು ನಾಲ್ಕು ಬೆರಳು ಬಲಕ್ಕೆ ಹಿಡಿ.” ಹಾಗೆಯೇ ಹಿಡಿದೆ. ಬಲೂನು ಒಡೆಯಿತು.

ಆ ಹಳೆಯ ಕೋವಿ ಕೆಟ್ಟ ಕೋವಿಯಾಗಿರಲಿಲ್ಲ ಎಂದು ನನಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ. ಅದು ತಪ್ಪು ಜಾಗಕ್ಕೆ ಹೊಡೆಯುತ್ತಿತ್ತು, ಆದರೆ ಪ್ರತಿ ಸಲವೂ ಅದೇ ತಪ್ಪು ಜಾಗಕ್ಕೆ. ಒಂದು ಗುಂಡು ನಾಲ್ಕು ಬೆರಳು ಎಡಕ್ಕೆ, ಇನ್ನೊಂದು ಎರಡು ಬೆರಳು ಮೇಲಕ್ಕೆ, ಮತ್ತೊಂದು ಮೂರು ಬೆರಳು ಬಲಕ್ಕೆ ಹೋಗಿದ್ದರೆ ಅಂಗಡಿಯವರಿಗೂ ಬಲೂನು ಒಡೆಯಲು ಬರುತ್ತಿರಲಿಲ್ಲ. ಗುಂಡುಗಳೆಲ್ಲ ಒಟ್ಟಾಗಿ ಒಂದು ಕಡೆಗೆ ವಾಲಿದರೆ ದೃಷ್ಟಿಯ, ಅಂದರೆ ರೈಫಲ್ ಮೇಲೆ ಗುರಿ ನೋಡಲು ಇರುವ ಸಾಧನದ, ತಿರುಪನ್ನು ನಾಲ್ಕು ಸಲ ತಿರುಗಿಸಿ ಸರಿಮಾಡಬಹುದು. ಚದುರುವ ಗುಂಡನ್ನು ದೃಷ್ಟಿಯ ಯಾವ ತಿರುಪೂ ಸರಿಪಡಿಸಲಾರದು.

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಇದೇ ಮಾತು ದೊಡ್ಡ ವೇದಿಕೆಯಲ್ಲಿ ನಿಜವಾಯಿತು. 10 ಮೀಟರ್ ಏರ್ ರೈಫಲ್ ಫೈನಲ್‌ಗೆ ಮುನ್ನ ಅಭಿನವ್ ಬಿಂದ್ರಾ ಹೊಡೆದ ಪ್ರಯೋಗದ ಗುಂಡು, ನಟ್ಟನಡುವಿನ ಚುಕ್ಕೆಗೆ 10 ಅಂಕವಿರುವ ಗುರಿಹಲಗೆಯಲ್ಲಿ, 4ರ ವೃತ್ತದಲ್ಲಿ ಬಿತ್ತು. ಆ ಮಟ್ಟದ ಆಟಗಾರನಿಗೆ ಅದು ಎದೆ ಒಡೆಯುವಂಥ ಗುಂಡು. ರೈಫಲ್‌ನ ದೃಷ್ಟಿ ಸರಿದಿತ್ತು.  ಉಳಿದಿದ್ದ ನಿಮಿಷಗಳಲ್ಲಿ ಅವರು ದೃಷ್ಟಿಯನ್ನು ಮರಳಿ ಹೊಂದಿಸಿಕೊಂಡರು. ಕೊನೆಯ ಗುಂಡಿಗೆ 10.8, ಒಟ್ಟು 700.5, ಭಾರತಕ್ಕೆ ವೈಯಕ್ತಿಕ ವಿಭಾಗದ ಮೊದಲ ಒಲಿಂಪಿಕ್ ಚಿನ್ನ. ರೈಫಲ್ ಸ್ಥಿರವಾಗಿದ್ದುದರಿಂದಲೇ ಅಷ್ಟು ಬೇಗ ಸರಿಪಡಿಸಲು ಸಾಧ್ಯವಾಯಿತು.

ನಮ್ಮ ಊರಿನ ರೈಫಲ್ ಕ್ಲಬ್ಬಿನಲ್ಲಿ ಮಕ್ಕಳ ಕಲಿಕೆಗೆಂದು ಬರುವ ಹೊಸ ಏರ್ ರೈಫಲ್‌ಗಳನ್ನು ಪರೀಕ್ಷಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ತಂದೆ ತಾಯಂದಿರು ತಿಂಗಳುಗಟ್ಟಲೆ ಉಳಿಸಿದ ಹಣ ಅದರಲ್ಲಿರುತ್ತದೆ. ಆದ್ದರಿಂದ ಆ ಡಬ್ಬ ಬಿಚ್ಚುವಾಗ ನನಗೆ ಸ್ವಲ್ಪ ಭಯವೇ ಆಗುತ್ತದೆ. ನಾನು “ಚೆನ್ನಾಗಿದೆ” ಎಂದರೆ ಒಂದು ಮಗು ವರ್ಷಗಟ್ಟಲೆ ಅದನ್ನೇ ಹಿಡಿದು ಅಭ್ಯಾಸ ಮಾಡುತ್ತದೆ.

ಎಲ್ಲರೂ ಮೊದಲು ಕೇಳುವುದು ವೇಗ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವುದೂ ಅದೇ: ಸೆಕೆಂಡಿಗೆ 1000 ಅಡಿ, ಅಂದರೆ ಸುಮಾರು 305 ಮೀಟರ್. ಈ ಅಂಕಿ ಬಹುತೇಕ ಬರುವುದು ತೀರಾ ಹಗುರವಾದ ಮಿಶ್ರಲೋಹದ ಗುಂಡಿನಿಂದ. 0.32 ಗ್ರಾಂ ಗುಂಡು ಸೆಕೆಂಡಿಗೆ 305 ಮೀಟರ್ ಹೋದರೆ ಅದರ ಚಲನಶಕ್ತಿ ಸುಮಾರು 15 ಜೂಲ್. ಅದೇ 15 ಜೂಲನ್ನು ಸ್ಪರ್ಧೆಯಲ್ಲಿ ಬಳಸುವ 0.53 ಗ್ರಾಂ ಸೀಸದ ಗುಂಡಿಗೆ ಕೊಟ್ಟರೆ ವೇಗ 240ರ ಒಳಗೆ ಇಳಿಯುತ್ತದೆ. ಇನ್ನೂ ಒಂದು ಮಾತಿದೆ. ನಡು ಸಣ್ಣಗಿರುವ ಈ ಗುಂಡು, ಶಟಲ್‌ಕಾಕ್‌ನಂತೆ, ತನ್ನ ಬಾಲದ ಮೇಲೆ ಬೀಳುವ ಗಾಳಿಯ ಎಳೆತದಿಂದಲೂ ನೇರ ನಿಲ್ಲುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗುಂಡು ಅದರ ಹತ್ತಿರ ಹೋದಷ್ಟೂ ಸುತ್ತಲಿನ ಗಾಳಿ ಅದನ್ನು ಅಲುಗಾಡಿಸುತ್ತದೆ. ಒಲಿಂಪಿಕ್ ಚಿನ್ನ ಗೆಲ್ಲುವ ರೈಫಲ್‌ಗಳು ಗುಂಡನ್ನು ಬಿಡುವುದು ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ. ಕಾಗದವನ್ನು ತೂತು ಮಾಡಲು ಅಷ್ಟು ಸಾಕು.

ವೇಗ ಎಷ್ಟು ಎನ್ನುವುದಕ್ಕಿಂತ ಒಂದು ಗುಂಡಿನಿಂದ ಇನ್ನೊಂದಕ್ಕೆ ಅದು ಎಷ್ಟು ಬದಲಾಗುತ್ತದೆ ಎನ್ನುವುದನ್ನು ನಾನು ನೋಡುತ್ತೇನೆ. 170 ಮೀಟರ್ ವೇಗದ ಗುಂಡು 10 ಮೀಟರ್ ದಾಟಲು ಸೆಕೆಂಡಿನ ನೂರರಲ್ಲಿ ಆರು ಭಾಗ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು 17 ಮಿಲಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ವೇಗ ನೂರಕ್ಕೆ ಎರಡರಷ್ಟು ಕಡಿಮೆಯಾದರೆ ಇಳಿತ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ, ಅಂದರೆ 0.7 ಮಿಲಿಮೀಟರ್. ಸಣ್ಣದು ಎನಿಸಬಹುದು. ಆದರೆ ಅಂತರರಾಷ್ಟ್ರೀಯ ಗುರಿಹಲಗೆಯಲ್ಲಿ 10ರ ಚುಕ್ಕೆಯ ವ್ಯಾಸವೇ ಅರ್ಧ ಮಿಲಿಮೀಟರ್. ನಡುವಿನಿಂದ ಕಾಲು ಮಿಲಿಮೀಟರ್ ಸರಿದಂತೆಲ್ಲ 0.1 ಅಂಕ ಹೋಗುತ್ತದೆ. ಮಗು ಒಂದೂ ತಪ್ಪು ಮಾಡದೆ, ಉಸಿರು ಹಿಡಿದು, ಸರಿಯಾಗಿ ಟ್ರಿಗರ್ ಒತ್ತಿಯೂ ಸುಮಾರು 0.3 ಅಂಕ ಕಳೆದುಕೊಳ್ಳುತ್ತದೆ. 50 ಮೀಟರ್ ದೂರದಲ್ಲಿ, ಸರಾಸರಿ ವೇಗ 150 ಮೀಟರ್ ಎಂದುಕೊಂಡರೆ, ಅದೇ ನೂರಕ್ಕೆ ಎರಡರ ಏರಿಳಿತ ಎರಡು ಸೆಂಟಿಮೀಟರ್‌ಗಿಂತ ಹೆಚ್ಚಿನ ಅಂತರವಾಗುತ್ತದೆ. ಆದ್ದರಿಂದ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಕನಿಷ್ಠ ಇಪ್ಪತ್ತು ಗುಂಡು ಹಾರಿಸಿ ಪ್ರತಿಯೊಂದನ್ನೂ ಬರೆದಿಡಬೇಕು. ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಸುವ ಪಿಸಿಪಿ ರೈಫಲ್ ಆದರೆ ಪೂರ್ತಿ ತುಂಬಿಸಿದ ಗಾಳಿ ಮುಗಿಯುವವರೆಗೂ ಬರೆಯಬೇಕು. ಒತ್ತಡ ಇಳಿದಂತೆ ವೇಗ ಎಲ್ಲಿ ಜಾರುತ್ತದೆ ಎಂಬುದು ಆಗ ಮಾತ್ರ ತಿಳಿಯುತ್ತದೆ.

ಹೊಸ ಸ್ಪ್ರಿಂಗ್ ರೈಫಲ್ ಆದರೆ ಮೊದಲ ದಿನದ ಅಂಕಿಗಳನ್ನು ನಾನು ನಂಬುವುದೇ ಇಲ್ಲ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಸ್ಪ್ರಿಂಗ್ ಬಿಡುಗಡೆಯಾಗಿ ಪಿಸ್ಟನ್ ಮುನ್ನುಗ್ಗಿದಾಗ ಅದೇ ಕೆಲಸ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ನಡೆಯುತ್ತದೆ. ಒಳಗಿನ ಗಾಳಿ ಕ್ಷಣಮಾತ್ರ ನೂರಾರು ಡಿಗ್ರಿ ಕಾಯುತ್ತದೆ. ಕಾರ್ಖಾನೆಯಲ್ಲಿ ಸವರಿದ ಎಣ್ಣೆ ಆ ಶಾಖಕ್ಕೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿದ ಹಾಗೆ. ನಳಿಗೆಯ ಬಾಯಲ್ಲಿ ತೆಳ್ಳನೆಯ ನೀಲಿ ಹೊಗೆ, ಮೂಗಿಗೆ ಸುಟ್ಟ ಎಣ್ಣೆಯ ವಾಸನೆ, ಕಿವಿಗೆ ಮಾಮೂಲಿಗಿಂತ ಜೋರಾದ ಸಿಡಿತ. ಆ ಗುಂಡಿನ ವೇಗ ಎಣ್ಣೆಯದು, ರೈಫಲ್‌ನದಲ್ಲ. ಹೊಗೆ ನಿಂತು ವೇಗ ಒಂದು ಕಡೆ ನೆಲೆಗೊಳ್ಳುವವರೆಗೆ, ಸಾಮಾನ್ಯವಾಗಿ ನೂರಿನ್ನೂರು ಗುಂಡು, ತಾಳ್ಮೆಯಿಂದ ಹೊಡೆಯಬೇಕು. ಡಬ್ಬ ಬಿಚ್ಚಿದ ಸಂಜೆಯೇ ತೀರ್ಪು ಬರೆಯುವುದು ತಪ್ಪು.

ಇನ್ನು ಮುಖ್ಯ ಪರೀಕ್ಷೆ. ಒಮ್ಮೆ ಮೇಜಿನ ಮೇಲೆ ಮಡಿಸಿದ ಕಂಬಳಿ ಹಾಕಿ, ಅದರ ಮೇಲೆ ರೈಫಲ್ ಇಟ್ಟು, 10 ಮೀಟರ್ ದೂರಕ್ಕೆ ಐದು ಗುಂಡು ಹೊಡೆದೆ. ದೂರದೂರದ ಎರಡು ತೂತುಗಳ ಹೊರ ಅಂಚುಗಳ ನಡುವೆ ಅಳೆದು 4.5 ಮಿಲಿಮೀಟರ್ ಕಳೆದರೆ ಗುಂಪಿನ ಅಗಲ ಸಿಗುತ್ತದೆ. ಅದು 8 ಮಿಲಿಮೀಟರ್ ಬಂತು. ಪಕ್ಕದಲ್ಲಿದ್ದ ಹುಡುಗ ಹಿಗ್ಗಿ ಹೋದ. ಏನನ್ನೂ ಬದಲಿಸದೆ ಇನ್ನೈದು ಹೊಡೆದೆ. 14 ಮಿಲಿಮೀಟರ್! ಅವನ ಮುಖ ಬಾಡಿತು. ರೈಫಲ್ ಕೆಟ್ಟಿರಲಿಲ್ಲ, ನನ್ನ ಕೈಯೂ ನಡುಗಿರಲಿಲ್ಲ. ಗುಂಡುಗಳು ಆಕಸ್ಮಿಕವಾಗಿ ಚದುರುವ ರೀತಿಯೇ ಹಾಗೆ. ಐದು ಗುಂಡಿನ ಗುಂಪಿನ ಅಗಲ ತನ್ನ ಸರಾಸರಿಯಿಂದ ನೂರಕ್ಕೆ ಇಪ್ಪತ್ತೇಳರಷ್ಟು ಆಚೀಚೆ ಆಗುವುದು ಸಹಜವೆಂದು ಸಂಖ್ಯಾಶಾಸ್ತ್ರದ ಲೆಕ್ಕ ಹೇಳುತ್ತದೆ. ಸರಾಸರಿ 11 ಇರುವ ರೈಫಲ್ ಒಂದು ಸಲ 8, ಇನ್ನೊಂದು ಸಲ 14 ತೋರಿಸಿದರೆ ಅದರಲ್ಲಿ ವಿಶೇಷವೇನೂ ಇಲ್ಲ.

ಈ ಲೆಕ್ಕದಲ್ಲೇ ಜಾಹೀರಾತಿನ ಚಿತ್ರಗಳ ಮರ್ಮವೂ ಇದೆ. ಒಂದೇ ರೈಫಲ್‌ನಿಂದ ಹೊಡೆದ ಮೂರು ಗುಂಡಿನ ಗುಂಪು ಸರಾಸರಿಯಲ್ಲಿ ಹತ್ತು ಗುಂಡಿನ ಗುಂಪಿನ ಮೂರನೇ ಎರಡು ಭಾಗಕ್ಕಿಂತಲೂ ಚಿಕ್ಕದಾಗಿರುತ್ತದೆ. ಹಲವು ಸಲ ಹೊಡೆದು, ಅವುಗಳಲ್ಲಿ ಚಂದದ ಒಂದನ್ನು ಆರಿಸಿ ಮುದ್ರಿಸಿದರೆ ಯಾವ ರೈಫಲ್ ಬೇಕಾದರೂ ಒಲಿಂಪಿಕ್ ಮಟ್ಟದ್ದಾಗಿ ಕಾಣುತ್ತದೆ. ನನ್ನ ನಿಯಮ ಹತ್ತು ಹತ್ತು ಗುಂಡುಗಳ ಐದು ಗುಂಪು, ಐದರ ಸರಾಸರಿ, ಯಾವ ತೂತನ್ನೂ ಬಿಡುವಂತಿಲ್ಲ. ಒಂದು ಗುಂಡು ದೂರ ಹಾರಿದಾಗ “ಅದು ನನ್ನ ತಪ್ಪು, ಲೆಕ್ಕಕ್ಕೆ ಬೇಡ” ಎನ್ನುವ ಆಸೆ ಪ್ರತಿಯೊಬ್ಬರಿಗೂ ಬರುತ್ತದೆ. ಹೊಡೆಯುವ ಮೊದಲೇ ಹೇಳದ ತಪ್ಪನ್ನು ಹೊಡೆದ ಮೇಲೆ ಹೇಳುವಂತಿಲ್ಲ.

ಗುಂಡಿನ ಜಾತಿಯನ್ನೂ ಬದಲಿಸಿ ನೋಡಬೇಕು. 4.5 ಮಿಲಿಮೀಟರ್ ಎಂದು ಒಂದೇ ಹೆಸರಿದ್ದರೂ ತಲೆಯ ವ್ಯಾಸ 4.49, 4.50, 4.51 ಹೀಗೆ ಬೇರೆ ಬೇರೆ ಸಿಗುತ್ತವೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಸೆಕೆಂಡಿಗೆ ಸುಮಾರು ನಾನೂರು ಸುತ್ತು ತಿರುಗಿಸುತ್ತವೆ. ಆ ಗೆರೆಗಳಿಗೆ ಗುಂಡು ಬಿಗಿಯಾಗಿ, ಆದರೆ ಜಖಂ ಆಗದಂತೆ ಕೂರಬೇಕು. ಒಂದು ಬಗೆಯ ಗುಂಡಿಗೆ ಮುನಿಸಿಕೊಳ್ಳುವ ನಳಿಗೆ ಇನ್ನೊಂದು ಬಗೆಗೆ ಒಲಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದೇ ಡಬ್ಬಿಯ ಗುಂಡಿನಿಂದ ರೈಫಲ್ ಅನ್ನು ಕೆಟ್ಟದ್ದೆಂದು ಬರೆಯುವುದು ಅನ್ಯಾಯ.

ಸ್ಪ್ರಿಂಗ್ ರೈಫಲ್‌ಗೆ ಹಿಡಿತದ ಪರೀಕ್ಷೆಯೂ ಬೇಕು. ಪಿಸ್ಟನ್ ಮುಂದೆ ನುಗ್ಗಿದಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಗಾಳಿಯ ದಿಂಬಿಗೆ ಬಡಿದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಗುಂಡು ನಳಿಗೆ ಬಿಡುವ ಮೊದಲೇ ಈ ಕುಲುಕಾಟ ಶುರುವಾಗಿರುತ್ತದೆ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಪ್ರತಿ ಸಲ ಬಿಗಿ ಸ್ವಲ್ಪ ಬೇರೆಯಾಗುತ್ತದೆ, ಗುಂಡು ಚದುರುತ್ತದೆ. ತೆರೆದ ಅಂಗೈ ಮೇಲೆ, ಮಗುವಿನ ತಲೆಗೆ ಆಸರೆ ಕೊಡುವಂತೆ ಇರಿಸಿಕೊಂಡು, ಅದು ತನ್ನ ಪಾಡಿಗೆ ಕುಲುಕಲು ಬಿಟ್ಟರೆ ಗುಂಪು ಚಿಕ್ಕದಾಗುತ್ತದೆ. ಹಿಡಿತ ಅಷ್ಟಿಷ್ಟು ಬದಲಾದರೂ ಗುಂಪು ಕೆಡದ ರೈಫಲ್ ಕಲಿಯುವವರಿಗೆ ವರ. ಆದ್ದರಿಂದ ನಾನೊಬ್ಬನೇ ಹೊಡೆದು ಮುಗಿಸುವುದಿಲ್ಲ. ಹದಿಮೂರು ಹದಿನಾಲ್ಕು ವರ್ಷದ ಒಬ್ಬರ ಕೈಗೂ ಕೊಡುತ್ತೇನೆ. ಟ್ರಿಗರ್ ಎಲ್ಲಿ ತಡೆದು ಎಲ್ಲಿ ಬಿಡುತ್ತದೆ ಎಂದು ಅವರ ಬೆರಳಿಗೆ ಗೊತ್ತಾಗುತ್ತದೆಯೇ, ಕೆನ್ನೆ ಒರಗಿಸಿದರೆ ಕಣ್ಣು ತಾನಾಗಿ ದೃಷ್ಟಿಯ ನೇರಕ್ಕೆ ಬರುತ್ತದೆಯೇ, ನಲವತ್ತನೆಯ ಗುಂಡಿಗೆ ತೋಳು ಸೋಲುತ್ತದೆಯೇ? ಸ್ಪರ್ಧೆಯಲ್ಲಿ 5.5 ಕಿಲೋದವರೆಗೂ ತೂಕವಿರಬಹುದು. ಮಗುವಿಗೆ ಅಷ್ಟು ಬೇಕಿಲ್ಲ.

ಇಷ್ಟರಲ್ಲೂ ಒಂದು ವಿಷಯಕ್ಕೆ ಮಾತ್ರ ಸರಾಸರಿ ಇಲ್ಲ. ನಳಿಗೆ ಮುರಿದು ಗುಂಡು ಹಾಕುವ ರೈಫಲ್‌ನಲ್ಲಿ, ಬೆರಳು ಒಳಗಿರುವಾಗ ಟ್ರಿಗರ್ ತಗುಲಿದರೆ ನಳಿಗೆ ಧಡಕ್ಕನೆ ಮುಚ್ಚಿಕೊಳ್ಳಬಾರದು. ಸೇಫ್ಟಿ ಹಾಕಿದ ಮೇಲೆ ಟ್ರಿಗರ್ ಎಷ್ಟು ಒತ್ತಿದರೂ ಹಾರಬಾರದು. ಇವೆರಡರಲ್ಲಿ ಒಂದು ಸಲ ತಪ್ಪಿದರೂ ಆ ರೈಫಲ್ ನಮ್ಮಲ್ಲಿಂದ ವಾಪಸ್ಸು ಹೋಗುತ್ತದೆ, ಗುಂಪು ಎಷ್ಟೇ ಚಿಕ್ಕದಿರಲಿ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ ಅಥವಾ 4.5 ಮಿಲಿಮೀಟರ್ ವ್ಯಾಸ, ಎರಡರಲ್ಲಿ ಯಾವುದು ಮೀರಿದರೂ ಪರವಾನಗಿ ಬೇಕು. ಪರವಾನಗಿ ಬೇಡದ ರೈಫಲ್ ಕೂಡ ಆಟಿಕೆಯಲ್ಲ. ಗೋಡೆಗೆ ಬಡಿದ ಸೀಸ ಕಣ್ಣಿಗೇ ಮರಳಿ ಬರಬಹುದು. ಹಕ್ಕಿಗಳ ಮೇಲೆ ಗುರಿಯಿಡುವವರಿಗೆ ನಮ್ಮ ಕ್ಲಬ್ಬಿನಲ್ಲಿ ಜಾಗವಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಸ್ಪ್ರಿಂಗ್ ರೈಫಲ್ ಮೊದಲ ವಾರ ಹತ್ತು ಗುಂಡಿನ ಗುಂಪನ್ನು ಸರಾಸರಿ 9 ಮಿಲಿಮೀಟರ್‌ನಲ್ಲಿ ಇಟ್ಟಿತು. ಐನೂರು ಗುಂಡು ಆದ ಮೇಲೆ ಅದೇ ಗುಂಪು 20 ದಾಟಿತು. ಗುಂಡು ಬದಲಿಸಿದೆವು, ನಳಿಗೆ ಒರೆಸಿದೆವು, ಏನೂ ಆಗಲಿಲ್ಲ. ಕೊನೆಗೆ ಒಬ್ಬ ಹುಡುಗಿ ಮರದ ಹಿಡಿಯ ಮುಂಭಾಗವನ್ನು ಅದುಮಿ, “ಸರ್, ಇಲ್ಲಿ ಟಿಕ್ ಎನ್ನುತ್ತದೆ” ಎಂದಳು. ಕುಲುಕಾಟಕ್ಕೆ ಹಿಡಿಯ ತಿರುಪುಗಳು ಸಡಿಲಗೊಂಡಿದ್ದವು. ಅರ್ಧ ಸುತ್ತು ಬಿಗಿಮಾಡಿ ಮತ್ತೆ ಹತ್ತು ಹೊಡೆದೆವು: 10 ಮಿಲಿಮೀಟರ್. ವರದಿಯಲ್ಲಿ ಮೂರು ಹಾಳೆಗಳನ್ನೂ, ದೂರ ಹಾರಿದ ತೂತುಗಳ ಸಮೇತ, ಒಂದರ ಕೆಳಗೊಂದು ಅಂಟಿಸಿದೆ. ನಡುವಿನ ಹಾಳೆಯ ಪಕ್ಕದಲ್ಲಿ ಆ ಹುಡುಗಿಯೇ ಪೆನ್ಸಿಲ್‌ನಿಂದ ಬರೆದಳು: “ಪ್ರತಿ ಇನ್ನೂರು ಗುಂಡಿಗೊಮ್ಮೆ ತಿರುಪು ನೋಡಿ.”