ಆನೆನ್‌ಟಾಫೆಲ್ ಅಂದರೆ ಏನು?

ಹೆಸರು ಕೇಳಿ ಆನೆ ನೆನಪಾದರೆ ತಪ್ಪಿಲ್ಲ, ಆದರೆ ಇದು ಜರ್ಮನ್ ಪದ. ಆನೆನ್ ಅಂದರೆ ಪೂರ್ವಜರು, ಟಾಫೆಲ್ ಅಂದರೆ ಪಟ್ಟಿ. ಹಿಂದಿನ ತಲೆಮಾರುಗಳ ಪ್ರತಿಯೊಬ್ಬರಿಗೂ ಒಂದೊಂದು ನಂಬರ್ ಕೊಟ್ಟು ಬರೆದಿಡುವ ವಂಶಾವಳಿಗೆ ಈ ಹೆಸರು.

ನಂಬರ್ ಯಾಕೆ, ಹೆಸರು ಸಾಲದಾ? ಸಾಲದು. ‘ಮುತ್ತಜ್ಜ’ ಅಂತ ಬರೆದಿಟ್ಟರೆ ಯಾವ ಮುತ್ತಜ್ಜ? ಎಲ್ಲರಿಗೂ ನಾಲ್ಕು ಜನ ಮುತ್ತಜ್ಜಂದಿರು ಇರ್ತಾರಲ್ವಾ. ಅಜ್ಜನ ಹೆಸರನ್ನೇ ಮೊಮ್ಮಗನಿಗೂ ಇಡುತ್ತಾ ಬಂದ ಮನೆತನವಾದರಂತೂ ಎರಡು ತಲೆಮಾರು ದಾಟುವಷ್ಟರಲ್ಲಿ ಯಾರ ದಾಖಲೆ ಯಾರದ್ದು ಅಂತಾನೇ ಗೊತ್ತಾಗಲ್ಲ.

ಲೆಕ್ಕ ಸುಲಭ. ಪಟ್ಟಿ ಯಾರದ್ದೋ ಅವರು 1. ಯಾರ ನಂಬರನ್ನೇ ಆಗಲಿ ಎರಡರಿಂದ ಗುಣಿಸಿದರೆ ಅವರ ಅಪ್ಪ ಸಿಗುತ್ತಾರೆ, ಅದಕ್ಕೆ ಒಂದು ಕೂಡಿಸಿದರೆ ಅಮ್ಮ. ನಿಮ್ಮಪ್ಪ 2, ಅಮ್ಮ 3. ಅಪ್ಪನ ಅಪ್ಪ 4, ಅಪ್ಪನ ಅಮ್ಮ 5, ಅಮ್ಮನ ಅಪ್ಪ 6, ಅಮ್ಮನ ಅಮ್ಮ 7. ಹೀಗೇ ಮೇಲಕ್ಕೆ. ಹಿಂದಕ್ಕೂ ಬಿಡಿಸಬಹುದು. 29 ಯಾರು? ಬೆಸ ಸಂಖ್ಯೆ, ಅಂದರೆ 14ರ ಅಮ್ಮ. 14 ಯಾರು? 7ರ ಅಪ್ಪ. 7 ಅಂದರೆ 3ರ ಅಮ್ಮ. ಅಲ್ಲಿಗೆ 29 ಅಂದರೆ ನಿಮ್ಮ ಅಮ್ಮನ ಅಮ್ಮನ ಅಪ್ಪನ ಅಮ್ಮ. ಇದನ್ನ ಬಾಯಲ್ಲಿ ಹೇಳುವಾಗ ನಾಲಿಗೆ ತೊಡರುತ್ತೆ, ನಂಬರಲ್ಲಿ ತೊಡರಲ್ಲ.

ಈ ಲೆಕ್ಕವನ್ನು ಮೊದಲು ಅಚ್ಚಿನಲ್ಲಿ ತಂದವನು ಆಸ್ಟ್ರಿಯಾದ ಮಿಖಾಯೆಲ್ ಐಟ್ಸಿಂಗರ್, 1590ರಲ್ಲಿ. ಆಮೇಲೆ 1676ರಲ್ಲಿ ಸ್ಪೇನಿನ ಪಾದ್ರಿ ಹೆರೋನಿಮೊ ದೆ ಸೋಸಾ ಬಳಸಿದ, 1898ರಲ್ಲಿ ಜರ್ಮನ್ ವಂಶಾವಳಿ ತಜ್ಞ ಸ್ಟೆಫಾನ್ ಕೆಕುಲೆ ಜನಪ್ರಿಯ ಮಾಡಿದ (ಬೆಂಜೀನ್ ಅಣುವಿಗೆ ಉಂಗುರದ ಆಕಾರ ಸೂಚಿಸಿದ ರಸಾಯನ ವಿಜ್ಞಾನಿ ಕೆಕುಲೆಯ ಮಗ ಇವನು). ಫ್ರಾನ್ಸಿನಲ್ಲಿ ಈಗಲೂ ಇದಕ್ಕೆ ‘ಸೋಸಾ ನಂಬರ್’ ಅಂತಾರೆ. ಪಾಪ ಐಟ್ಸಿಂಗರ್, ಎಲ್ಲರ ಅಪ್ಪ ಅಮ್ಮಂದಿರ ಲೆಕ್ಕ ಕೊಟ್ಟವನ ಕೂಸಿಗೇ ಬೇರೆಯವರ ಹೆಸರು.

ಪ್ರತಿ ತಲೆಮಾರಿಗೂ ಪಟ್ಟಿ ಎರಡರಷ್ಟಾಗುತ್ತೆ. ಹತ್ತು ತಲೆಮಾರು ಹಿಂದೆ ಹೋದರೆ ಆ ಸಾಲಿನಲ್ಲೇ 1024 ಜನ. ಮೂವತ್ತಕ್ಕೆ 107 ಕೋಟಿ ದಾಟುತ್ತೆ, ಆ ಕಾಲಕ್ಕೆ ಭೂಮಿ ಮೇಲೆ ಅಷ್ಟು ಜನರೇ ಇರಲಿಲ್ಲ. ಹಾಗಾದರೆ ಲೆಕ್ಕ ತಪ್ಪಾ? ಅಲ್ಲ, ಒಬ್ಬರೇ ಎರಡು ಮೂರು ಕಡೆ ಬಂದು ಕೂತಿರ್ತಾರೆ. ಸ್ಪೇನಿನ ದೊರೆ ಎರಡನೇ ಕಾರ್ಲೋಸನ (1661–1700) ಪಟ್ಟಿ ನೋಡಿ. ಅವನ ಅಪ್ಪ ನಾಲ್ಕನೇ ಫಿಲಿಪ್ ಮದುವೆಯಾಗಿದ್ದು ಸ್ವಂತ ತಂಗಿಯ ಮಗಳನ್ನ. ಹಾಗಾಗಿ ಆ ಅಣ್ಣ ತಂಗಿಯ ಅಪ್ಪ ಮೂರನೇ ಫಿಲಿಪ್, ಕಾರ್ಲೋಸನ ಪಟ್ಟಿಯಲ್ಲಿ ಅಪ್ಪನ ಕಡೆಯಿಂದ 4, ಅಮ್ಮನ ಕಡೆಯಿಂದ 14. ಅವನ ಹೆಂಡತಿ 5, ಜೊತೆಗೆ 15 ಕೂಡ.

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದರೂ ಒಂದು ಅಪಾಯ ಇದೆ. ಪಟ್ಟಿಯಲ್ಲಿ ಹೆಸರಿಲ್ಲದ ಖಾಲಿ ಮನೆ ಕಂಡರೆ ಜನ ತುಂಬಿಬಿಡ್ತಾರೆ. ಹೆಸರು ಹೊಂದಿತು, ಊರು ಹೊಂದಿತು, ಸರಿ ಇವನೇ 12 ಅಂತ ಕೂರಿಸ್ತಾರೆ. ಅದು ತಪ್ಪಾದರೆ 24, 25, ಅವರ ಮೇಲಿನ 48ರಿಂದ 51, ಎಲ್ಲ ಇನ್ಯಾರದ್ದೋ ಮನೆಯವರು! ವಯಸ್ಸು ಹೊಂದಿದ ಮಾತ್ರಕ್ಕೆ ನಂಬಬೇಡಿ, ಹೊಂದದ ಮಾತ್ರಕ್ಕೆ ಬಿಡಲೂಬೇಡಿ. 1841ರ ಇಂಗ್ಲೆಂಡಿನ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನ ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, 34ರವನು ಅಲ್ಲಿ 30. ಒಂದು ದಾಖಲೆಯಲ್ಲಿ ಕಂಡಿದ್ದನ್ನ ಇನ್ನೊಂದು ದಾಖಲೆ ಹೌದು ಅನ್ನುವ ತನಕ ಆ ಮನೆ ಸುಮ್ನೆ ಖಾಲಿ ಇರಲಿ.

ಇನ್ನೊಂದು ನೋಡಿ, 1 ಬಿಟ್ಟರೆ ಬೆಸ ಸಂಖ್ಯೆಗಳೆಲ್ಲ ಹೆಂಗಸರದ್ದು. ಖಾಲಿ ಮನೆಗಳೂ ಸಾಮಾನ್ಯವಾಗಿ ಅಲ್ಲೇ ಜಾಸ್ತಿ, ಯಾಕಂದರೆ ಹಳೇ ದಾಖಲೆಗಳಲ್ಲಿ ಎಷ್ಟೋ ಕಡೆ ‘ಇಂಥವರ ಹೆಂಡತಿ’ ಅಂತ ಬರೆದು ಮುಗಿಸಿದ್ದಾರೆ, ತವರಿನ ಹೆಸರೇ ಇಲ್ಲ. 13 ಸಿಗದೇ ಹೋದರೆ 6ರ ದಾಖಲೆಯನ್ನೇ ಹಿಡಿದು ಕೂರಬೇಡಿ, ಅವನ ಅಣ್ಣತಮ್ಮಂದಿರು, ಅಕ್ಕತಂಗಿಯರ ಜನನ, ಮದುವೆ, ಮರಣದ ದಾಖಲೆಗಳನ್ನೂ ತೆಗೆಸಿ. ಅವರಿಗೆ ಈ ಪಟ್ಟಿಯಲ್ಲಿ ನಂಬರೇ ಇಲ್ಲ. ಆದರೆ ಅವರಲ್ಲಿ ಯಾರೋ ಒಬ್ಬರ ಕಾಗದದಲ್ಲಿ ಗುಮಾಸ್ತ ಪುರಸೊತ್ತು ಮಾಡಿಕೊಂಡು ತಾಯಿಯ ಪೂರ್ತಿ ಹೆಸರು ಬರೆದಿರ್ತಾನೆ.