ಪೆಟ್ ಇನ್ಶೂರೆನ್ಸ್: ಏನದು, ಮಾಡಿಸಬೇಕಾ?

ಮಾವಿನ ಸುಗ್ಗಿಯಲ್ಲಿ ಲ್ಯಾಬ್ರಡಾರ್ ನಾಯಿ ಗೊರಟೆ ನುಂಗುವುದು ವೆಟ್‌ಗಳಿಗೆಲ್ಲ ಗೊತ್ತಿರುವ ಕಥೆ. ಗೊರಟೆ ಕರುಳಲ್ಲಿ ಸಿಕ್ಕಿಕೊಂಡರೆ ನಾಯಿ ಊಟ ಬಿಡುತ್ತದೆ, ಮೇಲಿಂದ ಮೇಲೆ ವಾಂತಿ ಮಾಡುತ್ತದೆ. ಎಕ್ಸ್‌ರೇ, ಸ್ಕ್ಯಾನ್, ಆಪರೇಷನ್, ಆಮೇಲೆ ಡ್ರಿಪ್. ಹೀಗೆ ಒಮ್ಮೆಲೇ ಮೈಮೇಲೆ ಬೀಳುವ ಖರ್ಚಿಗೆ ಅಂತಲೇ ಇರುವುದು ಪೆಟ್ ಇನ್ಶೂರೆನ್ಸ್. ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟುತ್ತೀರಿ, ಇಂಥ ಬಿಲ್ಲನ್ನು ಒಂದು ಮಿತಿಯವರೆಗೆ ಕಂಪನಿ ಭರಿಸುತ್ತದೆ.

ಹಸು, ಎಮ್ಮೆಗೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸುವುದು ನಮ್ಮ ರೈತರಿಗೆ ಹಳೆಯ ರೂಢಿ. ಅಲ್ಲಿ ದುಡ್ಡು ಬರುವುದು ಮುಖ್ಯವಾಗಿ ಹಸು ಸತ್ತಾಗ. ನಾಯಿ ಪಾಲಿಸಿಯಲ್ಲಿ ಚಿಕಿತ್ಸೆಯದೇ ದೊಡ್ಡ ಪಾಲು. ಬಜಾಜ್ ಅಲಯನ್ಸ್ 2020ರಲ್ಲಿ ತಂದ ಪಾಲಿಸಿಯಲ್ಲಿ ಜಾತಿ ನಾಯಿಗಳ ಜೊತೆ ದೇಸಿ ನಾಯಿಗೂ ಜಾಗ ಇತ್ತು. ಒಳ್ಳೆಯದೇ ಆಯಿತು.

ಜನ ಎಡವುವುದು ಷರತ್ತುಗಳಲ್ಲಿ. ಮೂಲ ಪಾಲಿಸಿ ಸಾಮಾನ್ಯವಾಗಿ ಆಪರೇಷನ್ ಮತ್ತು ಆಸ್ಪತ್ರೆ ದಾಖಲಾತಿಗೆ. ಉಣ್ಣೆ ಕಚ್ಚಿ ಟಿಕ್ ಫೀವರ್ ಬಂತು, ರಕ್ತ ಪರೀಕ್ಷೆ ಮಾಡಿಸಿದಿರಿ, ಮಾತ್ರೆ ತಂದು ಮನೆಯಲ್ಲೇ ಕೊಟ್ಟಿರಿ ಅಂದರೆ ಅದು ಓಪಿಡಿ, ಅಂದರೆ ಆಸ್ಪತ್ರೆಗೆ ದಾಖಲಾಗದೆ ಪಡೆದ ಚಿಕಿತ್ಸೆಯ ಲೆಕ್ಕ. ಎಷ್ಟೋ ಪಾಲಿಸಿಗಳಲ್ಲಿ ಅದಕ್ಕೆ ಬೇರೆ ದುಡ್ಡು ಕಟ್ಟಿರಬೇಕು. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ, ಸ್ನಾನ ಕಟಿಂಗ್‌ಗೆ ಏನೂ ಸಿಗುವುದಿಲ್ಲ. ಮೊದಲ ಕೆಲವು ವಾರ ಕಾಯಿಲೆಯ ಕ್ಲೇಮೂ ನಡೆಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಲಸಿಕೆ ಪುಸ್ತಕ. ವೆಟ್ ಪ್ರತಿ ಸಲ ಬಾಟಲಿಯ ಸ್ಟಿಕರ್ ಅಂಟಿಸಿ, ತಾರೀಖು ಬರೆದು, ಸಹಿ ಹಾಕುತ್ತಾರಲ್ವಾ, ಅದೇ. ಲಸಿಕೆಯಿಂದ ತಡೆಯಬಹುದಾದ ಪಾರ್ವೊ, ಡಿಸ್ಟೆಂಪರ್‌ನಂಥ ರೋಗ ಬಂದಾಗ ಆ ವರ್ಷದ ಸ್ಟಿಕರ್ ಇಲ್ಲದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ.

ಹೆಚ್ಚಿನವರು ನೋಡದೇ ಬಿಡುವ ಭಾಗ ಇನ್ನೊಂದಿದೆ: ಥರ್ಡ್ ಪಾರ್ಟಿ ಲಯಬಿಲಿಟಿ. ನಿಮ್ಮ ನಾಯಿ ಯಾರನ್ನಾದರೂ ಕಚ್ಚಿ ನೀವು ಪರಿಹಾರ ಕೊಡಬೇಕಾಗಿ ಬಂದರೆ ಇದು ಕೈಹಿಡಿಯುತ್ತದೆ. ಆದರೆ ನಾಯಿ ವಿಷಯದಲ್ಲಿ ಅಜಾಗರೂಕತೆ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಇದೆ, ಎರಡೂ ಆಗಬಹುದು. ಆ ಶಿಕ್ಷೆಗೆ ಯಾವ ವಿಮೆಯೂ ಅಡ್ಡ ಬರುವುದಿಲ್ಲ.

ಮಾಡಿಸಬೇಕಾ? ಜರ್ಮನ್ ಶೆಫರ್ಡ್, ಲ್ಯಾಬ್‌ನಂಥ ದೊಡ್ಡ ನಾಯಿಗಳಿಗೆ ಸೊಂಟದ ಮೂಳೆ ತೊಂದರೆ ಜಾಸ್ತಿ. ಅವಕ್ಕೆ ಮರಿಯಿದ್ದಾಗಲೇ ಮಾಡಿಸಿ ಅಂತ ನಾನು ಹೇಳುತ್ತೇನೆ, ವಯಸ್ಸಾದ ಮೇಲೆ ಹೊಸ ಪಾಲಿಸಿ ಕೊಡುವವರು ಕಡಿಮೆ. ಗಟ್ಟಿಮುಟ್ಟಾದ ದೇಸಿ ನಾಯಿಗೆ ಪ್ರೀಮಿಯಂ ದುಡ್ಡನ್ನು ಪ್ರತಿ ತಿಂಗಳು ಬ್ಯಾಂಕಿನ ಆರ್‌ಡಿಗೆ (ತಿಂಗಳ ಕಂತಿನ ಠೇವಣಿ) ಹಾಕಿದರೂ ನಡೆಯುತ್ತದೆ. ಬೆಕ್ಕು ಸಾಕಿದವರಿಗೆ ಆಯ್ಕೆಗಳೇ ಕಮ್ಮಿ, ಹಾಗಾಗಿ ಸದ್ಯಕ್ಕೆ ಅವರಿಗೂ ಆರ್‌ಡಿಯೇ ವಾಸಿ.