ಬಿಲ: ತೋಡುವವರು, ಸೇರಿಕೊಳ್ಳುವವರು

ಬಿಲವಾಸಿ ಪ್ರಾಣಿಗಳನ್ನು ಹೆಸರಿಸಿ ಎಂದ ಕೂಡಲೇ ಇಲಿ, ಮೊಲ, ಹಾವು, ಏಡಿ ಎಂದು ಒಂದೇ ಉಸಿರಿಗೆ ಬರೆದುಬಿಡುತ್ತೇವೆ. ಈ ಪಟ್ಟಿಯಲ್ಲಿ ಬಿಲ ತೋಡುವವರೂ ಇನ್ನೊಬ್ಬರು ತೋಡಿದ್ದಕ್ಕೆ ಬಂದು ಸೇರಿಕೊಳ್ಳುವವರೂ ಕಲಸಿಹೋಗಿದ್ದಾರೆ. ಮೊದಲು ಇವರನ್ನು ಬೇರೆ ಮಾಡಿಕೊಳ್ಳಿ.

ನಾಗರಹಾವು ಬಿಲ ತೋಡುವುದಿಲ್ಲ. ಇಲಿಯ ಜಾಡು ಹಿಡಿದು ಒಳಹೊಕ್ಕು, ಮನೆಯವರನ್ನೇ ನುಂಗಿ, ಅಲ್ಲೇ ಉಳಿಯುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ ಎಂಬ ಮಾತು ಜೀವಶಾಸ್ತ್ರದ ಪ್ರಕಾರವೂ ಸರಿ. (ಮಣ್ಣುಮುಕ್ಕನಂಥ ಕೆಲವು ಹಾವುಗಳು ಮಾತ್ರ ಸಡಿಲ ಮಣ್ಣಿನೊಳಗೆ ತಲೆಯಿಂದಲೇ ನುಗ್ಗುತ್ತವೆ.) ಆಫ್ರಿಕದ ವಾರ್ಟ್‌ಹಾಗ್ ಹಂದಿಯೂ ಹೆಚ್ಚಾಗಿ ಆರ್ಡ್‌ವಾರ್ಕ್ (ಗೆದ್ದಲು, ಇರುವೆ ತಿನ್ನುವ ಪ್ರಾಣಿ) ತೋಡಿ ಬಿಟ್ಟ ಬಿಲಕ್ಕೇ ಸೇರಿಕೊಳ್ಳುತ್ತದೆ. ಒಳಗೆ ಹೋಗುವಾಗ ಹಿಂಬದಿ ಮೊದಲು, ಕೋರೆಹಲ್ಲು ಬಾಗಿಲ ಕಡೆಗೆ! ಮೊಲದ ವಿಷಯದಲ್ಲಂತೂ ಹುಷಾರು: ಸಾಕುಮೊಲದ ಮೂಲವಾದ ಯುರೋಪಿನ ಜಾತಿ ಬಿಲ ತೋಡುತ್ತದೆ, ಆದರೆ ನಮ್ಮ ಕಾಡುಮೊಲ ಹುಲ್ಲು ಪೊದೆಗಳ ಮರೆಯ ತಗ್ಗಿನಲ್ಲೇ ಮಲಗುತ್ತದೆ.

ತಲೆಮರೆಸಿಕೊಂಡವನನ್ನು 'ಬಿಲ ಸೇರಿದ' ಎನ್ನುತ್ತೇವೆ, ಬಹಳ ದಿನದ ಮೇಲೆ ಮುಖ ತೋರಿಸಿದವನನ್ನು 'ಬಿಲದಿಂದ ಹೊರಬಿದ್ದ' ಎನ್ನುತ್ತೇವೆ. ಈ ಬಳಕೆಯಲ್ಲಿ ಬಿಲವೆಂದರೆ ಬರೀ ಅಂಜುಬುರುಕರ ಅಡಗುತಾಣ. ಪ್ರಾಣಿಗೆ ಅದು ಅಷ್ಟೇ ಅಲ್ಲ. ನೆಲದಡಿ ಅರ್ಧ ಮೀಟರ್ ಇಳಿದರೆ ಹಗಲು ರಾತ್ರಿಯ ತಾಪದ ಏರಿಳಿತ ಬಹುಮಟ್ಟಿಗೆ ಇಲ್ಲವಾಗುತ್ತದೆ, ತೇವವೂ ಉಳಿಯುತ್ತದೆ. ಮರುಭೂಮಿಯ ಸಣ್ಣ ದಂಶಕಗಳು (ಇಲಿಯಂಥ ಪ್ರಾಣಿಗಳು) ಬದುಕಿರುವುದೇ ಇದರಿಂದ.

ಇನ್ನು ಗಾಳಿ. ಉತ್ತರ ಅಮೆರಿಕದ ಪ್ರೇರಿ ನಾಯಿಯ (ನಾಯಿಯಲ್ಲ, ಅಳಿಲಿನ ಬಳಗ) ಬಿಲಕ್ಕೆ ಒಂದು ಬಾಯಿ ತಗ್ಗಿನಲ್ಲಿದ್ದರೆ ಇನ್ನೊಂದರ ಸುತ್ತ ಮಣ್ಣಿನ ದಿಬ್ಬವಿರುತ್ತದೆ. ನೆಲದಿಂದ ಮೇಲಕ್ಕೆ ಹೋದಷ್ಟೂ ಗಾಳಿಯ ವೇಗ ಹೆಚ್ಚು, ಹಾಗಾಗಿ ದಿಬ್ಬದ ಬಾಯಿಯಲ್ಲಿ ಒತ್ತಡ ಕಡಿಮೆ. ಒಳಗಿನ ಹಳಸಿದ ಗಾಳಿ ಅಲ್ಲಿಂದ ಹೊರಗೆ ಹೋಗಿ, ತಗ್ಗಿನ ಬಾಯಿಂದ ಹೊಸದು ಒಳಬರುತ್ತದೆ. ಇದಕ್ಕೆ ಮಂದವಾದ ಗಾಳಿಯೂ ಸಾಕು. ಚಿತ್ರ ಬರೆದು ಬಾಣದ ಗುರುತು ಹಾಕಿಕೊಂಡರೆ ಮರೆಯುವುದಿಲ್ಲ.

ಪೂರ್ವ ಆಫ್ರಿಕದ ಬೋಳು ಮೋಲ್ ಇಲಿಗೆ ಅಂಥ ಅನುಕೂಲವಿಲ್ಲ, ಅದರ ಸುರಂಗ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಅದು ಹಲ್ಲಿನಿಂದ ತೋಡುತ್ತದೆ. ತುಟಿಗಳು ಹಲ್ಲಿನ ಹಿಂದೆ ಮುಚ್ಚಿಕೊಳ್ಳುವುದರಿಂದ ಬಾಯಿಗೆ ಮಣ್ಣು ಹೋಗುವುದಿಲ್ಲ. ಮುಂದಿನದು ಕಡಿದ ಮಣ್ಣನ್ನು ಹಿಂದಿನವು ಸಾಲಾಗಿ ಕಾಲಿನಿಂದ ತಳ್ಳುತ್ತವೆ, ಕೊನೆಯದು ಹೊರಕ್ಕೆ ಒದೆಯುತ್ತದೆ. ಆಮ್ಲಜನಕವೇ ಇಲ್ಲದೆ ಇದು 18 ನಿಮಿಷ ಬದುಕಬಲ್ಲದೆಂದು 2017ರ ಸಂಶೋಧನೆ ತೋರಿಸಿತು.

ತೋಡಲು ಮಣ್ಣೇ ಬೇಕೆಂದಿಲ್ಲ. ಹಡಗುಹುಳು ಮರವನ್ನು ಚಿಪ್ಪಿನಿಂದ ಕೊರೆದು, ಕೊರೆದ ದಾರಿಗೆ ಸುಣ್ಣದ ಲೇಪ ಹಾಕುತ್ತಾ ಹೋಗುತ್ತದೆ. ಎಂಜಿನಿಯರ್ ಮಾರ್ಕ್ ಬ್ರುನೆಲ್ ಲಂಡನ್ನಿನ ಥೇಮ್ಸ್ ನದಿಯಡಿಯ ಸುರಂಗಕ್ಕೆ (1843ರಲ್ಲಿ ತೆರೆಯಿತು) ಬಳಸಿದ, ತೋಡುವವರ ಮೇಲೆ ಮಣ್ಣು ಕುಸಿಯದಂತೆ ತಡೆಯುವ ರಕ್ಷಾಕವಚದ ಉಪಾಯಕ್ಕೆ ಇದೇ ಪ್ರೇರಣೆ ಎನ್ನುತ್ತಾರೆ. ಹೆಸರು ನೋಡಿ ಹುಳುಗಳ ಗುಂಪಿಗೆ ಸೇರಿಸಬೇಡಿ, ಅದು ಕಪ್ಪೆಚಿಪ್ಪಿನ ಬಳಗದ ಮೃದ್ವಂಗಿ.